ಹೊಳೆಯಾಚೆಯ ಅಮ್ಮ

ನಮ್ಮ ಮಗಳನ್ನು ಹೆತ್ತವಳು ಯಾರೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಮಗಳಿಗೂ ಗೊತ್ತು. "ಇಷ್ಟು ಬಹಿರಂಗವಾಗಿ ದತ್ತು ತಗೊಳ್ಳೋದುಂಟಾ? ನಾಳೆ ಅವಳು ಬಂದು ಕರಕೊಂಡು ಹೋದ್ರೆ ಏನ್ ಮಾಡ್ತೀರಿ?" ಎಂದು ನೆಂಟರು ಕೇಳುತ್ತಿದ್ದರು. ಈಗಲೂ ಮದುವೆಮನೆಗಳಲ್ಲಿ ಯಾರಾದರೂ ನನ್ನನ್ನು ಪಕ್ಕಕ್ಕೆ ಕರೆದು ಅದನ್ನೇ ಕೇಳುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಮ್ಮದು ಕಳಸದ ಹತ್ತಿರ ಸಣ್ಣ ಕಾಫಿ, ಅಡಿಕೆ ತೋಟ. ಮಗಳನ್ನು ಹೆತ್ತವಳಿರುವುದು ಭದ್ರೆಯ ಆಚೆ, ಹೊರನಾಡಿನ ದಿಕ್ಕಿನ ಬೇರೊಬ್ಬರ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಲ್ಲಿ. 2017ರ ಮೆಣಸು ಕೊಯ್ಲಿನಲ್ಲಿ ಅವಳ ಗಂಡ ಏಣಿ ಜಾರಿ ಸಿಲ್ವರ್ ಮರದಿಂದ ಬಿದ್ದು ತೀರಿಕೊಂಡ. ಮನೆಯಲ್ಲಿ ಎರಡು ಮಕ್ಕಳು, ಹೊಟ್ಟೆಯಲ್ಲಿ ಇನ್ನೊಂದು. ನಮಗೆ ಮಕ್ಕಳಿಲ್ಲವೆಂದು ಯಾರಿಂದಲೋ ತಿಳಿದು, ಅಲ್ಲಿನ ಅಂಗನವಾಡಿ ಟೀಚರ ಜೊತೆ ಅವಳೇ ನಮ್ಮ ಮನೆಗೆ ಬಂದಳು.

ಮೂಡಿಗೆರೆಯ ವಕೀಲರು ಮೊದಲು ಹೇಳಿದ ಮಾತು, ಹುಟ್ಟದ ಮಗುವಿನ ಮೇಲೆ ಯಾವ ಕಾಗದವನ್ನೂ ಮಾಡಬೇಡಿ ಅಂತ. ಹೆತ್ತವರೇ ನೇರವಾಗಿ ಮಗುವನ್ನು ಕೊಡಲು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಅವಕಾಶವಿದೆ. ತಂದೆ ಇಲ್ಲದಿದ್ದರೆ ತಾಯಿಯೊಬ್ಬಳೇ ಕೊಡಬಹುದು. ದತ್ತ ಹೋಮ ಆಗಲೇಬೇಕೆಂದಿಲ್ಲ. ಆದರೆ ಕೊಡುವ ಕೈಯಿಂದ ತೆಗೆದುಕೊಳ್ಳುವ ಕೈಗೆ ಮಗು ನಿಜವಾಗಿ ಬರಬೇಕು. ಹಣದ ಮಾತು ಎಲ್ಲೂ ಸುಳಿಯಬಾರದು, ಕಾಯ್ದೆಯ 17ನೇ ಕಲಮು ಅದನ್ನು ಅಪರಾಧ ಎನ್ನುತ್ತದೆ. ಬಿಟ್ಟುಹೋದ ಮಗುವೋ, ಅನಾಥ ಮಗುವೋ ಆದರೆ ದಾರಿಯೇ ಬೇರೆ. ಅದು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ, ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಕ್ರಮದಲ್ಲೇ ನಡೆಯಬೇಕು. ಆಸ್ಪತ್ರೆ ಬಾಗಿಲಲ್ಲಿ ಯಾರೋ ಕೊಟ್ಟರು, ತಂದೆವು ಎನ್ನುವವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ.

ಆ ಬಾಲನ್ಯಾಯ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಅಂಶ. ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನ ಕಾಲಾವಕಾಶ ಕೊಡುತ್ತಾರೆ. ನಮ್ಮ ದಾರಿಯಲ್ಲಿ ಹಾಗೆ ಕಾಯಬೇಕೆಂಬ ನಿಯಮ ಇರಲಿಲ್ಲ. ನಾವೇ ಕಾದೆವು. ಮಗು ಹುಟ್ಟಿದ್ದು ಆಗಸ್ಟಿನ ಜಡಿಮಳೆಯಲ್ಲಿ. ಎರಡು ತಿಂಗಳು ಅದು ಅವಳ ಮಡಿಲಲ್ಲೇ ಬೆಳೆಯಿತು. ನಾನು ಹೋಗಿ ನೋಡಿಕೊಂಡು ಬರುತ್ತಿದ್ದೆ, ಎತ್ತಿಕೊಳ್ಳುತ್ತಿದ್ದೆ, ಮತ್ತೆ ಅವಳ ಕೈಗೇ ಕೊಟ್ಟು ಬರುತ್ತಿದ್ದೆ. ಕೊಟ್ಟು ಬರುವಾಗಿನ ಸಂಕಟ ಈಗಲೂ ನೆನಪಿದೆ. ಆದರೂ ದತ್ತು ಕೊಡುವ ತಾಯಿಯ ಪರಿಚಯ ಇರುವವರು ಯಾರೇ ಕೇಳಲಿ, ಕಾಯಿರಿ ಅಂತಲೇ ಹೇಳುತ್ತೇನೆ. ಗಂಡ ಸತ್ತ ದುಃಖದಲ್ಲಿ ಆಡಿದ ಮಾತನ್ನು ಹಿಡಿದು ಮಗು ಪಡೆಯುವುದು ನ್ಯಾಯವಲ್ಲ.

ದಸರೆ ಕಳೆದ ಮೇಲೆ ಅವಳ ತಮ್ಮ, ನನ್ನ ಅತ್ತೆ, ಟೀಚರು ಎಲ್ಲರೂ ಕೂತಿದ್ದಾಗ ಅವಳು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಆಗ ಕಳಸ ಇನ್ನೂ ಮೂಡಿಗೆರೆ ತಾಲ್ಲೂಕಿನ ಹೋಬಳಿ. ದತ್ತುಪತ್ರ ಮೂಡಿಗೆರೆಯಲ್ಲಿ ನೋಂದಣಿಯಾಯಿತು. ಒಮ್ಮೆ ಆದ ದತ್ತಕವನ್ನು ಕೊಟ್ಟವರಾಗಲಿ ಪಡೆದವರಾಗಲಿ ರದ್ದು ಮಾಡುವಂತಿಲ್ಲ ಎಂಬುದನ್ನು ವಕೀಲರು ಅವಳಿಗೆ ಎರಡೆರಡು ಸಲ ಬಿಡಿಸಿ ಹೇಳಿದರು. ನೆಂಟರ "ನಾಳೆ ಬಂದರೆ" ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಇದೇ. ಆದರೆ ನನ್ನ ಧೈರ್ಯ ಆ ಕಾಗದದಿಂದ ಬಂದದ್ದಲ್ಲ.

ಮಗು ಕೊಟ್ಟ ಮೇಲೂ ಅವಳ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿತ್ತು. ಇಲ್ಲಿ ಮಗು ಬಾಟಲಿ ಹಿಡಿಯದೆ ಅಳುತ್ತಿತ್ತು. ನಾನೇ ಹೇಳಿ ಕಳಿಸಿದೆ. ದಿನಾ ಬೆಳಗಿನ ಬಸ್ಸಿಗೆ ಬಂದು ಹಾಲೂಡಿಸಿ, ತಿಂಡಿ ತಿಂದು, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಗಿ ಅವಳಿಗೆ ಕೆಲಸ ಬಿಡಲಾಗದಿದ್ದಾಗ ನಿಂತಿತು. "ಹಾಲು ಕೊಟ್ಟರೆ ಮಗುವಿನ ಮನಸ್ಸು ಅತ್ತಲೇ ಎಳೆಯುತ್ತದೆ" ಎಂದರು ಅತ್ತೆ. ಅವಳ ಎದೆಗೆ ಬಾಯಿಟ್ಟ ಕೂಡಲೇ ಮಗು ಸುಮ್ಮನಾಗುವುದನ್ನು ನೋಡುವಾಗ ನನಗೂ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತಿತ್ತು. ಆದರೆ ನಮ್ಮ ಸ್ನೇಹ ಹುಟ್ಟಿದ್ದು ಆ ಬೆಳಗುಗಳಲ್ಲೇ. ಅವಳ ತಾಯಿಮನೆ ಕಡೆ ಉಬ್ಬಸ ಇದೆ ಎಂದು ತಿಳಿದದ್ದು ಹಾಗೆ ಕೂತು ಮಾತಾಡುವಾಗ. ಮುಂದೆ ಮಗಳಿಗೆ ಉಸಿರು ಕಟ್ಟಿದ ರಾತ್ರಿ, ಮನೆತನದಲ್ಲಿ ಯಾರಿಗಾದರೂ ಇದೆಯೇ ಎಂದು ಡಾಕ್ಟರು ಕೇಳಿದಾಗ ನಮ್ಮ ಬಳಿ ಉತ್ತರವಿತ್ತು. "ಅಮ್ಮಾವ್ರೇ" ಎನ್ನುತ್ತಿದ್ದವಳು "ಅಕ್ಕಾ" ಎನ್ನತೊಡಗಿದ್ದೂ ಆ ದಿನಗಳಲ್ಲೇ.

ತೋಟದ ಮನೆಗೂ ಲೈನ್ ಮನೆಗೂ ನಡುವಿನ ಅಂತರ ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ನಾವಿಬ್ಬರೂ ಒಂದು ಕಟ್ಟು ಮಾಡಿಕೊಂಡೆವು. ನಮ್ಮ ತೋಟದ ಸಂಬಳದ ಪುಸ್ತಕದಲ್ಲಿ ಅವಳ ಹೆಸರು ಬರಕೂಡದು. ನಾನು ಸಂಬಳ ಕೊಡುವವಳಾದರೆ ಅವಳು ಮಗಳನ್ನು ನೋಡಲು ರಜೆ ಕೇಳಬೇಕಾಗುತ್ತದೆ. ವಿಧವಾ ವೇತನಕ್ಕೆ ನಾಡಕಚೇರಿಗೆ ಅರ್ಜಿ ಬರೆದುಕೊಟ್ಟದ್ದು ನನ್ನ ಗಂಡ. ಅದು ಅವಳ ಹಕ್ಕಿನ ಹಣ. ಕೈಗೆ ದುಡ್ಡು ಕೊಡಲು ಹೋದರೆ ಅವಳೇ ಬೇಡ ಎನ್ನುತ್ತಾಳೆ. "ನಾಳೆ ಯಾರಾದ್ರೂ ಮಾರಿದೆ ಅಂತಾರೆ ಅಕ್ಕ." ಆ ಮಾತು ಕೇಳಿದ ಮೇಲೆ ನಾನು ಒತ್ತಾಯ ಮಾಡಿಲ್ಲ.

ಬಿಡಿಸಲಾಗದ್ದೂ ಇದೆ. "ತಂಗಿಗೆ ಸೈಕಲ್ ಇದೆ, ನನಗೆ ಯಾಕಿಲ್ಲ?" ಎಂದು ಅವಳ ಹಿರಿಮಗ ಒಮ್ಮೆ ನಮ್ಮ ಅಂಗಳದಲ್ಲೇ ಕೇಳಿದ. ಒಂದು ಸೈಕಲ್ ತಂದುಕೊಟ್ಟರೆ ಆ ದಿನ ಮುಗಿಯುತ್ತಿತ್ತು, ಪ್ರಶ್ನೆ ಮುಗಿಯುತ್ತಿರಲಿಲ್ಲ. ಮೂವರೂ ಸರದಿಯಲ್ಲಿ ಅದೇ ಸೈಕಲ್ ಓಡಿಸುತ್ತಾರೆ. ಆ ಹುಡುಗ ದೊಡ್ಡವನಾಗುತ್ತಿದ್ದಾನೆ, ಅವನಿಗೆ ಇನ್ನೂ ಸರಿಯಾದ ಉತ್ತರ ಕೊಡಲು ನಮಗೆ ಆಗಿಲ್ಲ.

ಗುಟ್ಟು ಮಾಡಬೇಕಿತ್ತು ಎನ್ನುವವರಿಗೆ ನಾನು ಹೇಳುವುದು ಇಷ್ಟು. ದತ್ತು ಹೋದ ಮಗುವಿನ ಹಳೆಯ ಸಂಬಂಧಗಳನ್ನೆಲ್ಲ ಕಡಿದುಹಾಕುವ ಕಾನೂನೇ ಒಂದನ್ನು ಉಳಿಸುತ್ತದೆ: ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ಆಮೇಲೂ ಆಗುವಂತಿಲ್ಲ. ಹುಟ್ಟು ಗೊತ್ತಿಲ್ಲದೆ ಅದನ್ನು ಪಾಲಿಸುವುದು ಹೇಗೆ? 2015ರ ಫೆಬ್ರವರಿಯಲ್ಲಿ ಮೈಸೂರಿನ ಪ್ರಮೋದಾದೇವಿ ಒಡೆಯರ್ ಯದುವೀರರನ್ನು ದತ್ತು ತೆಗೆದುಕೊಂಡಾಗ ಹೆತ್ತ ತಾಯಿ ತ್ರಿಪುರಸುಂದರಿದೇವಿ ಎಂದು ಇಡೀ ನಾಡಿಗೆ ಗೊತ್ತಿತ್ತು. ಅರಮನೆಯಲ್ಲಿ ಇರಬಹುದಾದದ್ದು ನಮ್ಮ ಮನೆಯಲ್ಲಿ ಯಾಕೆ ಇರಬಾರದು ಎಂದು ಅತ್ತೆಗೆ ಹೇಳಿದ್ದೆ. ಅವರಿಗೆ ಆ ಮಾತು ನಾಟಿತು.

2019ರ ಆಗಸ್ಟಿನ ಮಳೆಗೆ ಹೊಳೆ ದಾಟುವ ಹೆಬ್ಬಾಳೆ ಸೇತುವೆ ಮುಳುಗಿ, ಕರೆಂಟೂ ಹೋಗಿ, ಎರಡೂ ದಡದವರಿಗೆ ಒಬ್ಬರ ಸುದ್ದಿ ಒಬ್ಬರಿಗಿರಲಿಲ್ಲ. ನೀರಿಳಿದ ಕೂಡಲೇ ಅವಳು ನಡೆದೇ ಬಂದಳು. ಮಗಳನ್ನು ಎತ್ತಿಕೊಳ್ಳುವ ಮೊದಲು ನನ್ನ ಕೈ ಹಿಡಿದು, "ಮನೆ ಹಿಂದಿನ ಗುಡ್ಡ ಕುಸಿದಿಲ್ಲ ಅಲ್ವಾ ಅಕ್ಕ?" ಎಂದು ಕೇಳಿದಳು. ಅಂದಿನಿಂದ ಅವಳು ಮಗಳನ್ನು ಕಿತ್ತುಕೊಂಡು ಹೋಗುತ್ತಾಳೆ ಎಂಬ ಮಾತು ನನ್ನ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ.

ಮಗಳು ಅವಳನ್ನು ಹೊಳೆಯಾಚೆ ಅಮ್ಮ ಎನ್ನುತ್ತಾಳೆ. ಬರುವ ಬೇಸಿಗೆ ರಜೆಯಲ್ಲಿ ಅಲ್ಲಿಯೇ ಒಂದು ವಾರ ಇರಬೇಕಂತೆ, ಅಣ್ಣನ ಜೊತೆ ಹೊಳೆಯಲ್ಲಿ ಏಡಿ ಹಿಡಿಯಬೇಕಂತೆ. ನನ್ನ ಗಂಡನಿಗೆ ಉಬ್ಬಸದ್ದೇ ಅಂಜಿಕೆ. ಪಂಪು ಹೇಗೆ ಒತ್ತಬೇಕು, ಎಷ್ಟು ಸಲ ಎಂದು ಹೋದ ಭಾನುವಾರ ಅವಳಿಗೆ ತೋರಿಸಿಕೊಟ್ಟಿದ್ದೇನೆ. ಇನ್ನೊಂದು ಪಂಪು ಅವಳ ಮನೆಯಲ್ಲೇ ಇರಲಿ ಎಂದು ತಂದಿಟ್ಟಿದ್ದೇವೆ.