ಎಚ್ಚರವಿರುವ ಗಂಟೆಗೆ ಎಷ್ಟು ಬಾಡಿಗೆ?

ಪಂಚತಾರಾ ಹೋಟೆಲಿನಲ್ಲಿ ಉಳಿಯುವುದು ದುಂದುವೆಚ್ಚವೇ ಎಂದು ಯಾರಾದರೂ ಕೇಳಿದರೆ ನಾನು ಒಂದೇ ಪ್ರಶ್ನೆ ತಿರುಗಿ ಕೇಳುತ್ತೇನೆ: ಆ ಆವರಣದೊಳಗೆ ಎಚ್ಚರವಾಗಿ ಎಷ್ಟು ಗಂಟೆ ಇರುತ್ತೀರಿ? ನಿದ್ದೆಗೆ ಶುಭ್ರವಾದ ಹಾಸಿಗೆ, ಗದ್ದಲವಿಲ್ಲದ ಕೋಣೆ, ಬಿಸಿನೀರು ಇದ್ದರೆ ಸಾಕು. ಬೆಂಗಳೂರಿನಲ್ಲಿ ಇವು ಐದಾರು ಸಾವಿರ ರೂಪಾಯಿಗೂ ಸಿಗುತ್ತವೆ. ಅದರ ಮೇಲೆ ಕೊಡುವ ಹಣವೆಲ್ಲ ತೋಟಕ್ಕೆ, ಈಜುಕೊಳಕ್ಕೆ, ಅವಸರವಿಲ್ಲದ ನಾಷ್ಟಾಕ್ಕೆ, ಕರೆದ ಕೂಡಲೇ ಬಂದು ನಿಲ್ಲುವ ಸೇವೆಗೆ. ಇವುಗಳ ಸುಖ ಸಿಗುವುದು ಎಚ್ಚರವೂ ಬಿಡುವೂ ಎರಡೂ ಇದ್ದವರಿಗೆ.

ಒಂದು ಕೋಣೆಗೆ ದಿನಕ್ಕೆ ₹20,000 ಎಂದಿಟ್ಟುಕೊಳ್ಳೋಣ. 18% ಜಿಎಸ್‌ಟಿ ಸೇರಿದರೆ ₹23,600. ಮಧ್ಯಾಹ್ನ 3ಕ್ಕೆ ಕೋಣೆ ಕೊಟ್ಟು ಮರುದಿನ 12ಕ್ಕೆ ಖಾಲಿ ಮಾಡಿಸಿದರೆ ನಮ್ಮ ಪಾಲಿಗೆ ಬರುವುದು 21 ಗಂಟೆ. ಎಂಟು ಗಂಟೆ ನಿದ್ದೆ ಕಳೆದರೆ 13. ಅಷ್ಟೂ ಹೊತ್ತು ಹೋಟೆಲಿನಲ್ಲೇ ಇದ್ದರೆ ಗಂಟೆಗೆ ಸುಮಾರು ₹1,815. ಮೀಟಿಂಗು, ಮದುವೆ, ಖರೀದಿ ಎಂದು ಹತ್ತು ಗಂಟೆ ಹೊರಗೆ ಸುತ್ತಿದರೆ ಉಳಿದ ಮೂರು ಗಂಟೆಗೆ ತಲಾ ₹7,800ಕ್ಕೂ ಹೆಚ್ಚು. ಎರಡನೆಯ ರೀತಿಯ ಪ್ರವಾಸಕ್ಕೆ ದುಬಾರಿ ಹೋಟೆಲು ಬೇಡವೇ ಬೇಡ.

ಅಪ್ಪ-ಅವ್ವನ ಮದುವೆಗೆ ಐವತ್ತು ವರ್ಷ ತುಂಬಿದಾಗ ನಾವು ಮೂವರು ಮಕ್ಕಳು ಅವರನ್ನು ಧಾರವಾಡದಿಂದ ಕರೆಸಿ, ಬೆಂಗಳೂರಿನ ಒಳ್ಳೆಯ ಹೋಟೆಲೊಂದರಲ್ಲಿ ಎರಡು ರಾತ್ರಿ ಇರಿಸಬೇಕೆಂದುಕೊಂಡೆವು. ಅಕ್ಕನ ಮನೆ ಅದೇ ಊರಿನಲ್ಲಿದೆ. ಅಲ್ಲಿದ್ದರೆ ಖರ್ಚೇ ಇಲ್ಲ. ಆದರೆ ಮಗಳ ಮನೆಯಲ್ಲಾದರೂ ಅವ್ವ ನಸುಕಿಗೇ ಎದ್ದು ಒಲೆ ಹಚ್ಚುವವಳು. ಅಪ್ಪನಿಗೆ ಮೊಣಕಾಲು ನೋವು, ಊರು ತಿರುಗುವ ಉಮೇದಿಲ್ಲ. ಹೋಟೆಲೇ ಅವರ ಪ್ರವಾಸವಾಗಬೇಕಿತ್ತು. ನನ್ನ ಲೆಕ್ಕದ ಪ್ರಕಾರ ಹಣ ಬಿಚ್ಚಬೇಕಾದ ಸಂದರ್ಭ ಇಂಥದ್ದೇ.

ಬೆಂಗಳೂರಿನ ದೊಡ್ಡ ಹೋಟೆಲುಗಳನ್ನು ನಾನು ನಕಾಶೆ ಮುಂದಿಟ್ಟುಕೊಂಡೇ ನೋಡುತ್ತೇನೆ. ಈ ಊರಿನಲ್ಲಿ ಟ್ರಾಫಿಕ್ಕು ತಿನ್ನುವ ಸಮಯವೂ ನಾವು ದುಡ್ಡು ಕೊಟ್ಟು ಪಡೆದ ಸಮಯವೇ. ಎಂ.ಜಿ. ರಸ್ತೆಯ ಒಬೆರಾಯ್‌ಗೆ ಟ್ರಿನಿಟಿ ಮೆಟ್ರೊ ನಿಲ್ದಾಣ ಹತ್ತಿರ. ಮೆಜೆಸ್ಟಿಕ್‌ನಿಂದ ಗಾಡಿ ಬದಲಿಸದೆ ನೇರಳೆ ಮಾರ್ಗದಲ್ಲಿ ಮುಟ್ಟಬಹುದು. ದೇವನಹಳ್ಳಿ ವಿಮಾನ ನಿಲ್ದಾಣದ ಆವರಣದಲ್ಲಿರುವ ತಾಜ್, ನಸುಕಿನ ವಿಮಾನ ಹಿಡಿಯುವವರಿಗೆ ಅನುಕೂಲ. ಹಳೆ ವಿಮಾನ ನಿಲ್ದಾಣ ರಸ್ತೆಯ ಲೀಲಾ ಪ್ಯಾಲೇಸ್ 2001ರಲ್ಲಿ ತೆರೆದಾಗ ವಿಮಾನಗಳು ಇಳಿಯುತ್ತಿದ್ದುದು ಅದೇ ರಸ್ತೆಯ ಎಚ್‌ಎಎಲ್‌ನಲ್ಲಿ. 2008ರ ಮೇ ತಿಂಗಳಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋಯಿತು, ಹೋಟೆಲು ಇದ್ದಲ್ಲೇ ಇದೆ. ಅದಕ್ಕೇ ಹೇಳುವುದು: ಹೆಸರಿನ ಖ್ಯಾತಿ ನೋಡುವ ಮೊದಲು ನೀವು ಹೋಗಬೇಕಾದ ಜಾಗಗಳಿಂದ ಅದು ಇವತ್ತು ಎಷ್ಟು ದೂರ ಎಂದು ನೋಡಿ.

ನಾವು ಆರಿಸಿಕೊಂಡದ್ದು ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್. 1887ರಲ್ಲಿ ವಸತಿಗೃಹವಾಗಿ ಶುರುವಾದ ಜಾಗ, ಸುಮಾರು 20 ಎಕರೆ ಹಸಿರು, ಹಳೆಯ ಮರಗಳು. ರೈಲು ನಿಲ್ದಾಣವೂ ದೂರವಿಲ್ಲ. ನಾಲ್ಕು ಹೆಜ್ಜೆ ಹಾಕಿ ಕೂತು ದಣಿವಾರಿಸಿಕೊಳ್ಳಲು ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಹೊಳೆಯಲಿಲ್ಲ. ಅವರಿಬ್ಬರಿಗೆ ಮಾತ್ರ ಒಂದು ಕೋಣೆ ಹಿಡಿದೆವು. ನಾವೆಲ್ಲ ರಾತ್ರಿ ಅಕ್ಕನ ಮನೆಯಲ್ಲಿ ಮಲಗಿ ಹಗಲು ಅವರ ಜೊತೆಗಿದ್ದೆವು. ಮೂರು ಕೋಣೆಯ ಹಣದಲ್ಲಿ ಎಲ್ಲರನ್ನೂ ಸಾಧಾರಣ ಹೋಟೆಲಿಗೆ ತುಂಬುವುದಕ್ಕಿಂತ ಯಾರ ಸಂಭ್ರಮವೋ ಅವರಿಗೆ ಅತ್ಯುತ್ತಮವಾದದ್ದನ್ನು ಕೊಡುವುದು ನನಗೆ ಸರಿ ಕಾಣುತ್ತದೆ.

ತಾರೆಗಳ ಬಗ್ಗೆ ಒಂದು ಮಾತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಹೋಟೆಲುಗಳನ್ನು ಪರಿಶೀಲಿಸಿ ಒಂದರಿಂದ ಐದು ತಾರೆ, ಅದರ ಮೇಲೆ ಫೈವ್ ಸ್ಟಾರ್ ಡಿಲಕ್ಸ್ ಎಂದು ದರ್ಜೆ ಕೊಡುತ್ತದೆ. ಪಾರಂಪರಿಕ ಕಟ್ಟಡಗಳಿಗೆ ಹೆರಿಟೇಜ್ ದರ್ಜೆ ಬೇರೆ. ಈ ದರ್ಜೆಗಳನ್ನು ಪಡೆಯಲೇಬೇಕೆಂಬ ಕಡ್ಡಾಯವಿಲ್ಲ. ಪಡೆದರೆ ಐದು ವರ್ಷ ಮಾನ್ಯ. ಈ ಪಟ್ಟಿಯಲ್ಲಿ ‘ಸೆವೆನ್ ಸ್ಟಾರ್’ ಎಂಬುದೇ ಇಲ್ಲ. ಬುಕಿಂಗ್ ಆ್ಯಪ್‌ಗಳ ನಕ್ಷತ್ರಗಳು ಗ್ರಾಹಕರು ಕೊಟ್ಟ ಅಂಕಗಳೂ ಆಗಿರಬಹುದು, ಎರಡನ್ನೂ ಬೆರೆಸಬೇಡಿ.

ತೆರಿಗೆಯ ಗೆರೆಯನ್ನಂತೂ ಗಮನಿಸಲೇಬೇಕು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ ₹7,500ರವರೆಗಿನ ಕೋಣೆಗೆ ಜಿಎಸ್‌ಟಿ 5%, ಅದನ್ನು ದಾಟಿದರೆ 18%. ಅಂದರೆ ₹7,500ರ ಕೋಣೆಗೆ ಒಟ್ಟು ₹7,875. ₹7,600ರ ಕೋಣೆಗೆ ₹8,968. ದರದಲ್ಲಿ ನೂರು ರೂಪಾಯಿ ಹೆಚ್ಚು, ಬಿಲ್ಲಿನಲ್ಲಿ ₹1,093 ಹೆಚ್ಚು. ₹8,000ದಿಂದ ₹10,000ದವರೆಗಿನ ಕೋಣೆಗಳಲ್ಲಿ ಹಣಕ್ಕೆ ತಕ್ಕ ಹೆಚ್ಚಿನ ಸುಖ ಸಿಗುವುದು ಅಪರೂಪ ಎಂಬುದು ನನ್ನ ಅನುಭವ. ಗೆರೆಯ ಕೆಳಗೇ ಇರಿ, ಇಲ್ಲವೇ ದಾಟುವುದಾದರೆ ಬೇಕಾದದ್ದು ಸಿಗುವಷ್ಟು ದಾಟಿ.

ಗೆರೆ ದಾಟಿದ ದರದ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಊಟಕ್ಕೂ ಸಾಮಾನ್ಯವಾಗಿ 18% ತೆರಿಗೆ, ಹೊರಗಿನ ಊಟಕ್ಕೆ 5%. ನಾಷ್ಟಾ ತಲಾ ₹1,500 ಎಂದುಕೊಂಡರೆ ಇಬ್ಬರಿಗೆ ಎರಡು ಬೆಳಗು ತೆರಿಗೆ ಸೇರಿ ₹7,080. ನಾಷ್ಟಾ ಸೇರಿದ ದರದಲ್ಲಿ ಕೋಣೆಗೆ ದಿನಕ್ಕೆ ₹1,500 ಮಾತ್ರ ಹೆಚ್ಚಿದ್ದರೆ ಅದೇ ನಾಷ್ಟಾ ₹3,540ಕ್ಕೆ ಬರುತ್ತದೆ. ಎರಡೂ ದರಗಳನ್ನು ಪಕ್ಕಪಕ್ಕ ಬರೆದುಕೊಂಡು ನೋಡಿ. ರಾತ್ರಿ ಊಟಕ್ಕೆ ಬೇಕಾದರೆ ಹೊರಗೆ ಹೋಗಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾನಾಗಿ ಸೇರಿದ್ದರೆ ತೆಗೆಯಲು ಹೇಳಬಹುದು: ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹಾಗೆ ಸೇರಿಸಬಾರದೆನ್ನುತ್ತದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಉಳಿದ ಹಣವನ್ನು ಕೋಣೆ ಗುಡಿಸುವ ಹೆಣ್ಣುಮಗಳ ಕೈಗೇ ಕೊಡುವುದು ನನಗಿಷ್ಟ.

ದಿನಾಂಕವೂ ದುಡ್ಡೇ. ಬೆಂಗಳೂರಿನ ಹೋಟೆಲುಗಳು ಸೋಮವಾರದಿಂದ ಗುರುವಾರದವರೆಗೆ ಕಂಪನಿಯವರಿಂದ ತುಂಬಿರುತ್ತವೆ. ಶುಕ್ರವಾರ ರಾತ್ರಿಯಿಂದ ದರ ಇಳಿಯುವುದುಂಟು. ಮೈಸೂರಿನಲ್ಲಿ ಇದರ ತಿರುವುಮುರುವು, ದಸರೆಯಲ್ಲಂತೂ ಕೇಳುವುದೇ ಬೇಡ. ಯಲಹಂಕದಲ್ಲಿ ವೈಮಾನಿಕ ಪ್ರದರ್ಶನವಿರುವ ಫೆಬ್ರುವರಿಯ ವಾರದಲ್ಲಿ ಬೆಂಗಳೂರಿನ ದರಗಳೂ ಆಕಾಶದಲ್ಲೇ. ನಾವು ಶುಕ್ರವಾರ, ಶನಿವಾರದ ರಾತ್ರಿಗಳನ್ನು ಆರಿಸಿದೆವು. ರಾತ್ರಿ ರೈಲು ಬೇಡವೆಂದದ್ದೂ ಲೆಕ್ಕದ ಮೇಲೆಯೇ: ಬೆಳಗ್ಗೆ ಆರಕ್ಕೆ ಇಳಿದು ಮೂರರವರೆಗೆ ಕೋಣೆಗೆ ಕಾಯಬೇಕು, ಇಲ್ಲವೇ ಬೇಗ ಕೊಟ್ಟದ್ದಕ್ಕೆ ಹೆಚ್ಚುವರಿ ತೆರಬೇಕು. ಬೆಳಗ್ಗೆ ಹೊರಟು ಮಧ್ಯಾಹ್ನ ಮುಟ್ಟಿಸುವ ವಂದೇ ಭಾರತ್ ಅನುಕೂಲವಾಯಿತು.

ಆ್ಯಪ್‌ನಲ್ಲಿ ದರ ನೋಡಿದ ಮೇಲೆ ಹೋಟೆಲಿಗೇ ಫೋನು ಮಾಡಿ. ಮೆಟ್ಟಿಲು ಹತ್ತದೆ ಕೋಣೆ ಸೇರಬಹುದೇ? ಸ್ನಾನಕ್ಕೆ ತೊಟ್ಟಿ ದಾಟಬೇಕೇ, ಹಿಡಿದುಕೊಳ್ಳಲು ಕಂಬಿ ಇದೆಯೇ? ಹಗಲು ಮನೆಯವರು ಬಂದು ಕೂರಬಹುದೇ? ರದ್ದು ಮಾಡಿದರೆ ಎಷ್ಟು ವಾಪಸು? ವಯಸ್ಸಾದವರ ಪ್ರವಾಸಕ್ಕೆ ಹಣ ವಾಪಸಾಗದ ಅಗ್ಗದ ದರವನ್ನು ನಾನು ಎಂದೂ ಸಲಹೆ ಮಾಡುವುದಿಲ್ಲ. ಒಂದು ಜ್ವರ ಬಂದರೆ ಪೂರ್ತಿ ಹಣ ಹೋಯಿತು. ಚೆಕ್-ಇನ್ ವೇಳೆ ಹೋಟೆಲಿನವರು ಕಾರ್ಡಿನಲ್ಲಿ ಒಂದಷ್ಟು ಮೊತ್ತ ತಡೆಹಿಡಿಯುವುದುಂಟು. ಡೆಬಿಟ್ ಕಾರ್ಡು ಕೊಟ್ಟರೆ ಖಾತೆಯ ನಮ್ಮದೇ ಹಣ ಕೆಲವು ದಿನ ಕೈಗೆ ಸಿಗದಂತಾಗಬಹುದು.

ಎಲ್ಲಕ್ಕಿಂತ ಮುಖ್ಯ, ಈ ಖರ್ಚಿಗೆ ಸಾಲ ಬೇಡ. ನಾವು ವರ್ಷ ಮೊದಲೇ ಬ್ಯಾಂಕಿನಲ್ಲಿ ಆವರ್ತ ಠೇವಣಿ ತೆರೆದು, ಮೂವರೂ ಅವರವರ ಸಂಬಳಕ್ಕೆ ತಕ್ಕಷ್ಟು ತಿಂಗಳು ತಿಂಗಳು ಕಟ್ಟಿದೆವು. ತಮ್ಮನ ಪಾಲು ಕಡಿಮೆ, ಅಕ್ಕನದು ಹೆಚ್ಚು. ಆ ಬಗ್ಗೆ ಮೊದಲೇ ಬಾಯಿಬಿಟ್ಟು ಮಾತಾಡಿಕೊಂಡಿದ್ದರಿಂದ ಯಾರ ಮನಸ್ಸಿನಲ್ಲೂ ಮುಳ್ಳು ಉಳಿಯಲಿಲ್ಲ. ಕಂತಿನಲ್ಲಿ ಕೊಂಡ ಎರಡು ರಾತ್ರಿಯ ಸುಖಕ್ಕೆ ಒಂದು ವರ್ಷದ ಬಾಕಿ ಅಂಟಿಕೊಳ್ಳುತ್ತದೆ.

ಹೋಟೆಲಿನಲ್ಲೇ ದಿನ ಕಳೆಯುವ ಉದ್ದೇಶ, ಕಾದಿರಿಸಿದ ಹಣ, ಆ ಸುಖ ಯಾರಿಗೆ ಸಲ್ಲಬೇಕೆಂಬ ಸ್ಪಷ್ಟತೆ, ಈ ಮೂರೂ ಇದ್ದರೆ ಧೈರ್ಯವಾಗಿ ಖರ್ಚು ಮಾಡಿ, ಆಮೇಲೆ ಬಿಲ್ಲನ್ನು ಮತ್ತೆ ಮತ್ತೆ ತೆಗೆದು ನೋಡಬೇಡಿ. ಮೂರರಲ್ಲಿ ಒಂದು ಇಲ್ಲವಾದರೂ ₹7,500ರ ಗೆರೆಯೊಳಗೆ ಒಳ್ಳೆಯ ಕೋಣೆ ಹಿಡಿದು, ಉಳಿದ ಹಣದಲ್ಲಿ ನಿಮ್ಮವರನ್ನು ಚೆನ್ನಾಗಿ ಉಣ್ಣಿಸಿ. ಎರಡರಲ್ಲಿ ಯಾವುದನ್ನು ಮಾಡಿದರೂ ಅದು ತಿಳಿದು ಮಾಡಿದ ಖರ್ಚು. ತಿಳಿದು ಮಾಡಿದ ಖರ್ಚನ್ನು ನಾನು ದುಂದು ಎನ್ನಲಾರೆ.