ಜೊಳ್ಳು ಅನ್ನುವ ಮುಂಚೆ

ತಮ್ಮಾ, ಅಡತಿ ಅಂಗಡಿಗೆ ಹೊಸದಾಗಿ ಸೇರಿದ ಹುಡುಗನನ್ನು ನೀನು ‘ಜೊಳ್ಳು’ ಅಂದದ್ದು ನನ್ನ ಕಿವಿಗೆ ಬಿತ್ತು. ಅದೇನು ಅಂಥ ಬೈಗುಳವಲ್ಲ ಬಿಡು. ಸಿಂಧನೂರಿನಲ್ಲಿ ಭಾಷಣವೂ ಜೊಳ್ಳು, ಸಿನಿಮಾವೂ ಜೊಳ್ಳು, ಬೀಗರು ಕೊಟ್ಟ ಮಾತೂ ಜೊಳ್ಳು. ಭತ್ತದ ಸೀಮೆಯವರು ನಾವು, ಬಾಯಿಗೆ ಮೊದಲು ಬರುವುದೇ ಅದು. ಆದರೆ ಭತ್ತಕ್ಕೆ ಆ ಹೆಸರಿಡುವಾಗಿನ ಎಚ್ಚರ ಮನುಷ್ಯರಿಗೆ ಇಡುವಾಗ ಇರುವುದಿಲ್ಲ.

ಬಿತ್ತನೆ ಭತ್ತ ಬೇರ್ಪಡಿಸುವುದನ್ನು ನೋಡಿದ್ದೀಯ. ಬಕೆಟ್ ನೀರಿಗೆ ಉಪ್ಪು ಕರಗಿಸಿ ಕೋಳಿಮೊಟ್ಟೆ ಬಿಡುತ್ತೇವೆ. ತಳದಲ್ಲೇ ಕೂತರೆ ಇನ್ನೊಂದು ಹಿಡಿ ಉಪ್ಪು. ಮೊಟ್ಟೆ ಎದ್ದು ಬಂದು, ಅದರ ನೆತ್ತಿ ನಾಣ್ಯದಗಲ ನೀರಿನ ಮೇಲೆ ಕಂಡಾಗ ಹದ. ಆಮೇಲೆ ಭತ್ತ ಸುರಿದು ಕೈಯಾಡಿಸಿದರೆ ಜೊಳ್ಳು ತೇಲುತ್ತದೆ, ಗಟ್ಟಿಕಾಳು ಮುಳುಗುತ್ತದೆ. ಮುಳುಗಿದ್ದನ್ನೂ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಉಪ್ಪಿಗೆ ಮೊಳಕೆ ಕೆಡುತ್ತದೆ. ಕಾಳಿನ ಪರೀಕ್ಷೆಗಿಂತ ಮೊದಲು ನೀರಿನ ಪರೀಕ್ಷೆ ಆಯಿತಲ್ಲ, ಅದನ್ನು ಗಮನಿಸು.

ಜೊಳ್ಳು ಆಗುವುದಾದರೂ ಹೇಗೆ? ತೆನೆ ಹೊರಟು ಹೂವಾದ ಮೇಲೆ ಸಿಪ್ಪೆಯೊಳಗೆ ಹಾಲು ತುಂಬಬೇಕು, ಅದು ಗಟ್ಟಿಯಾಗಿ ಅಕ್ಕಿಯಾಗಬೇಕು. ಆ ಹೊತ್ತಿಗೆ ನೀರು ತಪ್ಪಿದರೆ, ಜಿಗಿಹುಳ ಬುಡದಲ್ಲಿ ಕೂತು ರಸ ಹೀರಿದರೆ, ಸಿಪ್ಪೆ ಬರಿದಾಗೇ ಉಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವನೂ ಕೊನೆಭಾಗದವನೂ ಒಂದೇ ಸೋನಾಮಸೂರಿ ಹಚ್ಚಿರುತ್ತಾರೆ. ಕೊನೆಭಾಗದಲ್ಲಿ ಜೊಳ್ಳು ಹೆಚ್ಚು ಬಂದರೆ ಯಾರೂ ಬೀಜ ಬೈಯುವುದಿಲ್ಲ, ಕಾಲುವೆಯ ಗೇಜ್ ಎಷ್ಟಿತ್ತು ಅಂತ ಕೇಳುತ್ತಾರೆ. ಲಿಂಗಸುಗೂರು ಕಡೆಯ ಎರೆಹೊಲದ ಜೋಳಕ್ಕೂ ಅಷ್ಟೇ, ಕಾಳು ಕಟ್ಟುವಾಗ ತೇವ ಆರಿದರೆ ತೆನೆ ಏನು ಮಾಡೀತು?

75 ಕೆ.ಜಿ. ಚೀಲದ ದರವನ್ನು ಕ್ವಿಂಟಲಿಗೆ ತಿರುಗಿಸುವಾಗ ಆ ಹುಡುಗ ತಡವರಿಸುತ್ತಾನೆ, ನಿಜ. ಅವನು ಶಾಲೆ ಬಿಟ್ಟದ್ದು ಅವ್ವ ಅಪ್ಪ ಬೆಂಗಳೂರಿಗೆ ದುಡಿಯಲು ಹೋದ ವರ್ಷ. ಅದನ್ನು ನೀನು ಕೇಳಿದ್ದೆಯಾ?

ಮಸ್ಕಿಗೆ ವಸೂಲಿಗೆ ಹೋದಾಗ ಒಂದು ತಾಸು ಬಿಡುವು ಮಾಡಿಕೊಂಡು ಅಶೋಕನ ಶಾಸನ ನೋಡಿ ಬಾ. 1915ರಲ್ಲಿ ಅದನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್. ‘ದೇವಾನಾಂಪ್ರಿಯ’ ಅನ್ನಿಸಿಕೊಂಡ ರಾಜ ಅಶೋಕನೇ ಎಂದು ಹೆಸರು ಸಮೇತ ತಿಳಿಸಿದ್ದು ಆ ಬಂಡೆ. ಪರೀಕ್ಷೆಗೆ ಉರುಹೊಡೆಯುವವರು ಇಷ್ಟಕ್ಕೇ ನಿಲ್ಲುತ್ತಾರೆ. ಅದರಲ್ಲೇ ‘ಖುದಕ’ ಅನ್ನುವ ಪ್ರಾಕೃತ ಮಾತೂ ಇದೆ: ಸಣ್ಣವನು, ಲೆಕ್ಕಕ್ಕಿಲ್ಲದವನು. ಧರ್ಮಕ್ಕೆ ಮನಸ್ಸು ಕೊಟ್ಟರೆ ಅವನೂ ದೊಡ್ಡ ಎತ್ತರ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಅದು ದಕ್ಕುತ್ತದೆ ಅಂದುಕೊಳ್ಳಬೇಡಿ ಅನ್ನುತ್ತಾನೆ ರಾಜ. ಅಷ್ಟು ದೊಡ್ಡ ರಾಜ್ಯ ಆಳಿದವನು ಸಣ್ಣವನನ್ನು ನೆನೆದದ್ದು ಹೀಗಳೆಯಲು ಅಲ್ಲ. ನಮ್ಮದು ಒಂದು ಅಂಗಡಿ, ಎರಡು ತಕ್ಕಡಿ.

ಚುನಾವಣೆ ಭಾಷಣಕ್ಕೆ ಬೇಕಾದರೆ ಧಾರಾಳವಾಗಿ ಜೊಳ್ಳು ಅನ್ನು, ನಾನೂ ದನಿಗೂಡಿಸುತ್ತೇನೆ. ಹುಡುಗನಿಗೆ ಮಾತ್ರ ನಾಳೆಯಿಂದ ತೂಕದ ಚೀಟಿ ಬರೆಯಲು ಕೊಡು, ಪಕ್ಕದಲ್ಲಿ ಕೂತು ಲೆಕ್ಕ ತೋರಿಸು. ಈ ಸುಗ್ಗಿ ಮುಗಿಯಲಿ. ಆಮೇಲೂ ಒಗ್ಗದಿದ್ದರೆ ‘ಈ ಕೆಲಸ ನಿನಗೆ ಹೊಂದಲಿಲ್ಲಪ್ಪಾ’ ಅಂತ ಅವನ ಮುಂದೆಯೇ ಹೇಳಿ, ಪಗಾರ ಚುಕ್ತಾ ಮಾಡಿ ಕಳಿಸು. ಅದಕ್ಕೆ ನನ್ನ ತಕರಾರಿಲ್ಲ.