ನಾಯಿಯ ಚಿಗಟ: ಮೈಮೇಲಿರುವುದು ಸ್ವಲ್ಪ, ಮನೆಯಲ್ಲಿರುವುದು ಬಹಳ



ವಾರದ ಸಭೆ ಮುಗಿದು ಉಳಿತಾಯದ ಪುಸ್ತಕ ಮುಚ್ಚುವ ಹೊತ್ತಿಗೆ ಇಂಥ ಮಾತು ಕೇಳಿಬರುವುದುಂಟು.

"ಅಕ್ಕಾ, ನಮ್ಮ ನಾಯಿಗೆ ಚಿಗಟ ತುಂಬಿ ಹೋಗಿದೆ. ರಾತ್ರಿ ಮಕ್ಕಳ ಕಾಲಿಗೂ ಕಚ್ತದೆ. ಏನ್ ಮಾಡೋದು?"

"ಗದ್ದೆಗೆ ತಂದ ಔಷಧಿ ಪುಡಿ ಉಳಿದಿಲ್ವಾ? ಒಂದು ಹಿಡಿ ತಿಕ್ಕಿಬಿಡು, ಒಂದೇ ದಿನಕ್ಕೆ ಹೋಗ್ತದೆ."

ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಈ ಸಲಹೆ ನಾಯಿಯ ಜೀವಕ್ಕೆ ಅಪಾಯ. ಆ ನಾಯಿಯನ್ನು ತಬ್ಬಿಕೊಂಡು ಆಡುವ ಮಗುವಿಗೂ ಅಪಾಯ. ಅಷ್ಟು ಮಾಡಿದರೂ ಚಿಗಟ ಹೋಗುವುದಿಲ್ಲ. ಯಾಕೆ ಅಂತ ಈ ಪಾಠದಲ್ಲಿ ತಿಳಿಯೋಣ.

ಚಿಗಟ ಬೇರೆ, ಉಣುಗು ಬೇರೆ

ಚಿಗಟ ಕಂದು ಬಣ್ಣದ, ಎಳ್ಳಿಗಿಂತ ಸಣ್ಣ ಹುಳ. ರೆಕ್ಕೆ ಇಲ್ಲ, ಆದರೆ ಚೆನ್ನಾಗಿ ಹಾರುತ್ತದೆ. ಅದಕ್ಕೆ ಆರು ಕಾಲು. ಉಣುಗು (ಉಣ್ಣೆ) ಹಾರುವುದಿಲ್ಲ, ಚರ್ಮಕ್ಕೆ ಕಚ್ಚಿಕೊಂಡು ಕೂರುತ್ತದೆ. ಬೆಳೆದ ಉಣುಗಿಗೆ ಎಂಟು ಕಾಲು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಚಿಗಟದಿಂದ ಅಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಹರಡಿದ್ದು ಇಲಿಯ ಚಿಗಟದಿಂದ. ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಇರುವುದು ಬೇರೆ ಜಾತಿ. ಆದ್ದರಿಂದ ಗಾಬರಿ ಬೇಡ, ಉದಾಸೀನವೂ ಬೇಡ.

ನಾಯಿಯ ಮೈಯಲ್ಲಿ ಚಿಗಟ ಇದೆಯೇ ಎಂದು ನೋಡಲು ಸುಲಭದ ಉಪಾಯವಿದೆ. ಒದ್ದೆ ಬಿಳಿ ಬಟ್ಟೆಯ ಮೇಲೆ ನಾಯಿಯ ಸೊಂಟದ ಕೂದಲನ್ನು ಬಾಚಿ. ಬಿದ್ದ ಕಪ್ಪು ಪುಡಿಯ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಒಣಗಿದ ರಕ್ತ. ಹರಡದಿದ್ದರೆ ಬರೀ ಮಣ್ಣು.

ಚಿಗಟದ ಸಂಸಾರ

ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಮೊಟ್ಟೆ ಅಂಟಿಕೊಳ್ಳುವುದಿಲ್ಲ, ನಾಯಿ ಮಲಗಿದಲ್ಲಿ ಉದುರುತ್ತದೆ. ಕೆಲವು ದಿನಗಳಲ್ಲಿ ಮೊಟ್ಟೆ ಒಡೆದು ಮರಿಹುಳ ಬರುತ್ತದೆ. ಅದಕ್ಕೆ ಬೆಳಕು ಆಗದು. ಗೋಣಿಚೀಲದ ಅಡಿ, ನೆಲದ ಬಿರುಕು, ಜಗಲಿಯ ಮೂಲೆ ಸೇರಿ, ಉದುರಿದ ಹಿಕ್ಕೆ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟಿಕೊಳ್ಳುತ್ತದೆ. ಗೂಡಿನೊಳಗೆ ತಿಂಗಳುಗಟ್ಟಲೆ ಕಾಯಬಲ್ಲದು. ನಡೆದ ಅದುರು, ಮೈಯ ಬಿಸಿ, ಉಸಿರು ತಾಗಿದರೆ ಹೊರಬರುತ್ತದೆ. ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೆ ಚಿಗಟ ಮುತ್ತುವುದು ಇದೇ ಕಾರಣಕ್ಕೆ.

ಲೆಕ್ಕ ಹಾಕಿದರೆ ನೂರರಲ್ಲಿ ಸುಮಾರು ಐದು ಪಾಲು ಮಾತ್ರ ನಾಯಿಯ ಮೈಮೇಲೆ. ಉಳಿದದ್ದೆಲ್ಲ ಮೊಟ್ಟೆ, ಹುಳ, ಗೂಡಾಗಿ ನಮ್ಮ ನೆಲದಲ್ಲೇ ಇರುತ್ತದೆ.

ತೊಂದರೆ ಏನು?

ಸಣ್ಣ ಮರಿಗಳಿಗೆ ರಕ್ತ ಕಡಿಮೆಯಾಗಿ ಸಾಯಲೂಬಹುದು. ಒಸಡು ಬಿಳಿಚಿಕೊಂಡಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಕೆಲವು ನಾಯಿಗಳಿಗೆ ಕಡಿತ ಆಗದೆ ಬಾಲದ ಬುಡದಲ್ಲಿ ಕೂದಲು ಉದುರಿ ಹುಣ್ಣಾಗುತ್ತದೆ. ಚಿಗಟ ನುಂಗಿದ ನಾಯಿಗೆ ಲಾಡಿಹುಳ ಬರುತ್ತದೆ. ಹಿಂಭಾಗದಲ್ಲಿ ಅಕ್ಕಿಕಾಳಿನಂಥ ತುಣುಕು ಕಾಣುವುದು ಅದರ ಗುರುತು. ಆಡುವ ಮಗು ಗೊತ್ತಿಲ್ಲದೆ ಚಿಗಟ ನುಂಗಿದರೆ ಮಗುವಿಗೂ ಈ ಹುಳ ಬರಬಹುದು.

ಏನು ಮಾಡಬೇಕು?

1. ನಾಯಿಗೆ: ಮೊದಲು ಕುತ್ತಿಗೆಯ ಸುತ್ತ ನೊರೆ ಹಚ್ಚಿ, ಇಲ್ಲವಾದರೆ ಚಿಗಟ ತಲೆಗೆ ಓಡುತ್ತದೆ. ನಂತರ ಮೈಯೆಲ್ಲ ಸೋಪು ಹಚ್ಚಿ ಸ್ನಾನ ಮಾಡಿಸಿ. ಹೇನಿನ ಬಾಚಣಿಗೆಯಲ್ಲಿ ಬಾಚಿ ಸೋಪಿನ ನೀರಿಗೆ ಅದ್ದಿ. ಸ್ನಾನದಿಂದ ಆ ದಿನದ ಚಿಗಟ ಹೋಗುತ್ತದೆ ಅಷ್ಟೇ. ಮತ್ತೆ ಹತ್ತದಿರಲು ಪಶುವೈದ್ಯರನ್ನು ಕೇಳಿ ಫಿಪ್ರೊನಿಲ್‌ನಂಥ ಹನಿ ಔಷಧಿಯನ್ನು ಹೆಗಲ ನಡುವೆ, ಕೂದಲು ಸರಿಸಿ ಚರ್ಮಕ್ಕೆ ಬಿಡಿ. ಸ್ನಾನಕ್ಕೂ ಹನಿ ಔಷಧಿಗೂ ಎರಡು ದಿನ ಅಂತರವಿರಲಿ. ಬಾಯಿಂದ ಕೊಡುವ ಮಾತ್ರೆಗಳೂ ಇವೆ. ಯಾವುದೇ ಆದರೂ ಪ್ರಮಾಣ ನಾಯಿಯ ತೂಕದ ಮೇಲೆ. ನಾಯಿಯನ್ನು ಎತ್ತಿಕೊಂಡು ತೂಕ ನೋಡಿ, ನಿಮ್ಮ ತೂಕ ಕಳೆದರೆ ಲೆಕ್ಕ ಸಿಕ್ಕಿತು. ತೀರ ಎಳೆಯ ಮರಿಗೆ ವೈದ್ಯರನ್ನು ಕೇಳದೆ ಔಷಧಿ ಬೇಡ, ಬಾಚಣಿಗೆಯೇ ಸಾಕು.

2. ಮನೆಗೆ: ನಾಯಿ ಮಲಗುವ ಗೋಣಿ, ಹಳೆ ಬಟ್ಟೆಗಳನ್ನು ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ನೆನೆಸಿ ತೊಳೆದು ಬಿಸಿಲಿಗೆ ಹಾಕಿ. ಹಾಳಾದ ಗೋಣಿಯನ್ನು ಸುಟ್ಟುಬಿಡಿ. ಮೂಲೆ, ಬಿರುಕು, ಮಂಚದ ಅಡಿ ದಿನಾ ಗುಡಿಸಿ. ಕಸವನ್ನು ಅಂಗಳಕ್ಕೆ ಎಸೆಯದೆ ಸೋಪಿನ ನೀರಿಗೆ ಹಾಕಿ. ನೆಲದ ಬಿರುಕು ಮುಚ್ಚಿ.

3. ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ: ಮನೆಯ ಬೆಕ್ಕು, ಕೊಟ್ಟಿಗೆಯ ಆಡು, ಕರುಗಳನ್ನೂ ನೋಡಿ. ಒಂದನ್ನು ಬಿಟ್ಟರೆ ಅಲ್ಲಿಂದಲೇ ಮತ್ತೆ ಶುರು. ಆದರೆ ಒಂದರ ಔಷಧಿ ಇನ್ನೊಂದಕ್ಕೆ ಬೇಡ.

4. ಮೂರು ತಿಂಗಳು ಬಿಡದೆ: ಔಷಧಿ ಹಾಕಿದ ಎರಡು ಮೂರು ವಾರ ಹೊಸ ಚಿಗಟ ಕಾಣುತ್ತಲೇ ಇರುತ್ತದೆ. ಅದು ಗೂಡಿನಿಂದ ಬಂದದ್ದು. "ಔಷಧಿ ತಾಗಲಿಲ್ಲ" ಅಂತ ಕೈಬಿಡಬೇಡಿ.

ಇವು ಬೇಡವೇ ಬೇಡ

ಬೆಳೆಗೆ ಹೊಡೆಯುವ ಕೀಟನಾಶಕ, ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಹಚ್ಚಬೇಡಿ. ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಪ್ರಾಣಾಂತಕ. ಬೇವಿನ ಸೊಪ್ಪಿನ ನೀರನ್ನು ಮಾತ್ರ ನಂಬಿ ಕೂತರೆ ಚಿಗಟ ಮುಗಿಯದು.

ಯಾರಾದರೂ ವಿಷದ ಪುಡಿ ಹಚ್ಚಿದ ಮೇಲೆ ನಾಯಿ ಜೊಲ್ಲು ಸುರಿಸಿ ನಡುಗಿದರೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸೋಪು ಹಾಕಿ ತುಂಬ ನೀರಲ್ಲಿ ತೊಳೆಯಿರಿ. ಪುಡಿಯ ಪೊಟ್ಟಣ ಹಿಡಿದೇ ಪಶು ಆಸ್ಪತ್ರೆಗೆ ಹೋಗಿ. ಮಗುವಿಗೆ ತಾಗಿದ್ದರೆ ಬಟ್ಟೆ ತೆಗೆದು ಮೈ ತೊಳೆದು, ವಾಂತಿ ಮಾಡಿಸಲು ಹೋಗದೆ, ಕೂಡಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಟ್ಟಣ ಜೊತೆಗಿರಲಿ.

ಸಂಘದಲ್ಲಿ ಚರ್ಚಿಸೋಣ

* ನಮ್ಮಲ್ಲಿ ಎಷ್ಟು ಮನೆಯವರು ಗದ್ದೆಯ ಔಷಧಿಯನ್ನು ಪ್ರಾಣಿಗಳಿಗೆ ಹಚ್ಚಿದ್ದೇವೆ? ಅದನ್ನು ಮನೆಯಲ್ಲಿ ಎಲ್ಲಿ ಇಟ್ಟಿದ್ದೇವೆ, ಮಕ್ಕಳ ಕೈಗೆ ಸಿಗುತ್ತದೆಯೇ?
* ನಮ್ಮ ಕೇರಿಯ ಎಲ್ಲ ನಾಯಿ, ಬೆಕ್ಕುಗಳಿಗೆ ಒಂದೇ ದಿನ ಔಷಧಿ ಹಾಕಿಸಲು ಪಶುವೈದ್ಯರನ್ನು ಕರೆಸಬಹುದೇ? ಅದೇ ದಿನ ಹುಚ್ಚುನಾಯಿ ರೋಗದ ಲಸಿಕೆ, ಹುಳದ ಮಾತ್ರೆಯನ್ನೂ ಕೇಳೋಣವೇ?

ಒಬ್ಬಳು ತನ್ನ ಮನೆ ಮಾತ್ರ ಗುಡಿಸಿದರೆ ಪಕ್ಕದ ಮನೆಯಿಂದ ಚಿಗಟ ಮತ್ತೆ ಬರುತ್ತದೆ. ಕೇರಿಯವರೆಲ್ಲ ಒಟ್ಟಿಗೆ ಕೈಹಾಕಿದರೆ ಕೆಲಸವೂ ಹಗುರ, ಖರ್ಚೂ ಕಡಿಮೆ. ಮುಂದಿನ ಸಭೆಯಲ್ಲೇ ದಿನ ಗೊತ್ತು ಮಾಡಿ.